ಉತ್ತರಕ್ಕೆ ಒಂದು ದಾರಿ, ದೂರಿಗೆ ಇನ್ನೊಂದು

1970ರ ದಶಕ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮರ್ರೆ ಹಿಲ್‌ನಲ್ಲಿರುವ ಬೆಲ್ ಪ್ರಯೋಗಾಲಯಕ್ಕೆ ಫೋಟೋ ಟೈಪ್‌ಸೆಟ್ಟಿಂಗ್ ಯಂತ್ರ ಬಂದು ಹೆಚ್ಚು ಕಾಲವಾಗಿರಲಿಲ್ಲ. ಕಂಪ್ಯೂಟರಿನಿಂದ ಬಂದ ಬರಹವನ್ನು ಬೆಳಕಿನ ಮೂಲಕ ಕಾಗದದ ಮೇಲೆ ಮೂಡಿಸುವ ಯಂತ್ರ ಅದು. ಅಗಲವಾದ ಆ ಉದ್ದನೆಯ ಕಾಗದವನ್ನು ಕೆಟ್ಟ ವಾಸನೆ ಹೊಡೆಯುವ ಇನ್ನೊಂದು ಯಂತ್ರದೊಳಗೆ ಜೋಪಾನವಾಗಿ ತೂರಿಸಿ, ಹಲವು ನಿಮಿಷ ಕಾದರೆ ಅಕ್ಷರಗಳು ಕಾಣಿಸಿಕೊಳ್ಳುತ್ತಿದ್ದವು. ಒಂದು ಮಧ್ಯಾಹ್ನ ಅಲ್ಲಿನ ಹಲವರಿಗೆ ಒಂದೇ ಅನುಭವವಾಯಿತು. ಕಾದು ಕಾದು ಹೊರತೆಗೆದ ಕಾಗದದಲ್ಲಿ ಇದ್ದದ್ದು ಒಂದೇ ಒಂದು ಸಾಲು: ಇಂಥ ಹೆಸರಿನ ಫೈಲನ್ನು ತೆರೆಯಲಾಗಲಿಲ್ಲ. ಅದೂ ಪುಸ್ತಕಕ್ಕೆ ಹಾಕಬಹುದಾದಷ್ಟು ಮುದ್ದಾದ ಅಕ್ಷರಗಳಲ್ಲಿ!

ಆದದ್ದಿಷ್ಟೇ. ಯುನಿಕ್ಸ್ ಎಂಬ ಅವರದೇ ಕಾರ್ಯವ್ಯವಸ್ಥೆಯಲ್ಲಿ ಒಂದು ಪ್ರೋಗ್ರಾಮು ಕೊಡುವ ಉತ್ತರವೂ ಅದು ಹೇಳಿಕೊಳ್ಳುವ ದೂರೂ ಒಂದೇ ದಾರಿಯಲ್ಲಿ ಹೊರಬರುತ್ತಿದ್ದವು. ಉತ್ತರವನ್ನು ಅಚ್ಚಿನ ಯಂತ್ರಕ್ಕೆ ಕಳಿಸು ಎಂದರೆ ದೂರು ಕೂಡ ಅಲ್ಲಿಗೇ ಹೋಗುತ್ತಿತ್ತು. ಇಂಥದ್ದು ಮತ್ತೆ ಮತ್ತೆ ನಡೆದ ಮೇಲೆ ದೂರಿಗೆಂದೇ ಬೇರೊಂದು ದಾರಿ ಮಾಡಿದರು. ಅಲ್ಲಿಂದಾಚೆಗೆ ಯುನಿಕ್ಸ್‌ನ ಪ್ರತಿ ಪ್ರೋಗ್ರಾಮಿಗೂ ಮೂರು ಬಾಗಿಲು. 0 ನಂಬರಿನದು ಒಳಬರುವ ಮಾಹಿತಿಗೆ, 1 ಹೊರಹೋಗುವ ಉತ್ತರಕ್ಕೆ, 2 ತಕರಾರಿಗೆ. ಯುನಿಕ್ಸ್‌ನ ಮಾದರಿಯಲ್ಲೇ ಬೆಳೆದ ಲಿನಕ್ಸ್‌ನಲ್ಲೂ, ಅದನ್ನು ಆಧರಿಸಿದ ಇಂದಿನ ಆಂಡ್ರಾಯ್ಡ್ ಫೋನುಗಳಲ್ಲೂ ಇದೇ ಏರ್ಪಾಡು.

ಇದು ತೀರ ಸಣ್ಣ ಸಂಗತಿ ಎನಿಸಬಹುದು. ಆದರೆ ಅಂಕಿ-ಅಂಶಗಳನ್ನು ನಂಬಿ ನಡೆಯುವ ಸಂಖ್ಯಾಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ಪಾತ್ರವಿದೆ. ಕಂಪ್ಯೂಟರು ಎಷ್ಟು ವೇಗವಾಯಿತು, ಎಷ್ಟು ಅಗ್ಗವಾಯಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ಹೇಳಿದ ಮಾತು ಎಲ್ಲಿ ಬರೆದಿಟ್ಟಿತ್ತು, ಅದು ಕೊಟ್ಟ ಮಾತು ಎಲ್ಲಿಗೆ ಹೋಯಿತು ಎಂಬ ಕಥೆಯನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ಕ್ಯಾನ್ಸರ್ ರೋಗಿಗಳಿಗೆ ಯಾವ ಔಷಧ ಕೊಡಬೇಕು ಎಂಬುದೇ ಒಮ್ಮೆ ಈ ಪ್ರಶ್ನೆಯ ಮೇಲೆ ನಿಂತಿತ್ತು.

ಕಾರ್ಡಿನ ಕಟ್ಟು

ಕಂಪ್ಯೂಟರು ಹುಟ್ಟುವ ಮೊದಲೇ ಯಂತ್ರದ ಬಾಗಿಲು ತಟ್ಟಿದವರು ಜನಗಣತಿಯವರು. ಅಮೆರಿಕದ 1880ರ ಜನಗಣತಿಯ ಎಣಿಕೆ ಮುಗಿಯಲು ಆ ದಶಕದ ಬಹುಪಾಲು ಬೇಕಾಯಿತು. 1890ರಲ್ಲಿ ಹರ್ಮನ್ ಹಾಲರಿತ್ ತನ್ನ ರಂಧ್ರದ ಕಾರ್ಡುಗಳನ್ನು ತಂದ. ಒಬ್ಬೊಬ್ಬ ಪ್ರಜೆಗೆ ಒಂದೊಂದು ಕಾರ್ಡು. ವಯಸ್ಸು, ಲಿಂಗ, ಉದ್ಯೋಗಕ್ಕೆ ಒಂದೊಂದು ತೂತು. ಆತ ಕಟ್ಟಿದ ಕಂಪನಿ ಬೇರೆ ಕಂಪನಿಗಳ ಜತೆ ಸೇರಿ, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು.

ಭಾರತದಲ್ಲೂ ಗಣಕಯಂತ್ರವನ್ನು ಮೊದಲು ಬರಮಾಡಿಕೊಂಡವರು ಸಂಖ್ಯಾಶಾಸ್ತ್ರಜ್ಞರೇ. ಪಿ. ಸಿ. ಮಹಲನೋಬಿಸ್ 1931ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1950ರ ದಶಕದ ನಡುವೆ ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಎಂಬ ಡಿಜಿಟಲ್ ಗಣಕ ಬಂತು. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿ, 2023ರಲ್ಲಿ 102ನೆಯ ವಯಸ್ಸಿನಲ್ಲಿ ನಿಧನರಾದ ಸಿ. ಆರ್. ರಾವ್ ಅವರು ಹೆಸರು ಮಾಡಿದ್ದು ಇದೇ ಸಂಸ್ಥೆಯಲ್ಲಿ. ಅವರ ಪ್ರಸಿದ್ಧ ಸೂತ್ರಗಳು ಹೊರಬಂದ 1945ರ ಹೊತ್ತಿಗೆ ಅಲ್ಲಿ ಲೆಕ್ಕ ಮಾಡುತ್ತಿದ್ದದ್ದು ಮನುಷ್ಯರು, ಕೈಯಿಂದ ತಿರುಗಿಸುವ ಯಂತ್ರಗಳೊಂದಿಗೆ. ಆಗೆಲ್ಲ ‘ಕಂಪ್ಯೂಟರ್’ ಎಂದರೆ ಒಂದು ಹುದ್ದೆಯ ಹೆಸರು ಎಂಬುದು ಈಗಿನ ಹುಡುಗರಿಗೆ ತಮಾಷೆಯಾಗಿ ಕಂಡೀತು.

1960ರ ದಶಕದ ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರದ ಕೆಲಸ ನಡೆಯುತ್ತಿದ್ದ ರೀತಿಯೇ ಬೇರೆ. ಸಂಶೋಧಕ ತನ್ನ ಆಜ್ಞೆಗಳನ್ನೂ ಅಂಕಿಗಳನ್ನೂ 80 ಕಂಬಸಾಲುಗಳ ಕಾರ್ಡುಗಳಲ್ಲಿ ತೂತು ಹೊಡೆಸಬೇಕು. ಒಂದು ಸಾಲಿಗೆ ಒಂದು ಕಾರ್ಡು. ಆ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಮನೆಗೆ ಹೋಗಬೇಕು. ಯಂತ್ರವನ್ನು ಮುಟ್ಟುವ ಹಕ್ಕು ಒಳಗಿನ ಆಪರೇಟರನಿಗೆ ಮಾತ್ರ. ಆತ ಎಲ್ಲರ ಕಟ್ಟುಗಳನ್ನೂ ಸರದಿಯಲ್ಲಿ ಹಾಕಿ ಓಡಿಸುತ್ತಿದ್ದ. ಇದಕ್ಕೆ ‘ಬ್ಯಾಚ್’ ಎಂದು ಹೆಸರು. ಕೆಲವು ಗಂಟೆಗಳ ನಂತರವೋ ಮರುದಿನವೋ ಮಡಿಕೆ ಮಡಿಕೆಯಾದ ಉದ್ದ ಕಾಗದದಲ್ಲಿ ಉತ್ತರ. ಅಲ್ಪವಿರಾಮ ಒಂದು ತಪ್ಪಿದ್ದರೆ ದಿನವೇ ವ್ಯರ್ಥ. ಕಟ್ಟು ಕೈಜಾರಿ ಬಿದ್ದು ಚೆಲ್ಲಾಪಿಲ್ಲಿಯಾದರಂತೂ ದೇವರೇ ಗತಿ! ಅದಕ್ಕೇ ಅನುಭವಸ್ಥರು ಕಟ್ಟಿನ ನೆತ್ತಿಯ ಮೇಲೆ ಪೆನ್ನಿನಿಂದ ಓರೆಯಾಗಿ ಒಂದು ಗೆರೆ ಎಳೆದಿಡುತ್ತಿದ್ದರು. ಗೆರೆ ಕೂಡಿದರೆ ಕಾರ್ಡುಗಳು ಕ್ರಮದಲ್ಲಿವೆ ಎಂದರ್ಥ.

ಈ ಕಾಲದಲ್ಲೇ ಸಂಖ್ಯಾಶಾಸ್ತ್ರದ ಸಿದ್ಧ ಪ್ಯಾಕೇಜುಗಳು ಬಂದವು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬಿಎಂಡಿ, 1966ರಲ್ಲಿ ಉತ್ತರ ಕೆರೊಲಿನದಲ್ಲಿ ಆರಂಭವಾದ ಎಸ್‌ಎಎಸ್, 1968ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿದ ಎಸ್‌ಪಿಎಸ್‌ಎಸ್. ಇವುಗಳ ಉತ್ತರದ ರೀತಿ ಮಜವಾದದ್ದು. ಸರಾಸರಿ ಕೇಳಿದವನಿಗೆ ಸರಾಸರಿಯ ಜತೆಗೆ ಬೇಕಾಗಬಹುದಾದ ಇನ್ನೂ ಹತ್ತು ಕೋಷ್ಟಕಗಳು! ಮದುವೆ ಮನೆಯ ಎಲೆಯ ಹಾಗೆ, ಕೇಳಿದ್ದಕ್ಕೂ ಕೇಳದ್ದಕ್ಕೂ ಬಡಿಸಿಬಿಡುವುದು. ಇದು ಬರೆದವರ ಅಜ್ಞಾನವಲ್ಲ. ಮುಂದಿನ ಪ್ರಶ್ನೆ ಕೇಳಲು ಗಂಟೆಗಟ್ಟಲೆ ಕಾಯಬೇಕಾದಾಗ ಎಲ್ಲ ಉತ್ತರಗಳನ್ನೂ ಒಂದೇ ಬಾರಿಗೆ ಪಡೆದುಕೊಳ್ಳುವುದೇ ಜಾಣತನ. ಹೊರಬರುವ ಕಾಗದದ ದಪ್ಪವನ್ನು ಗೊತ್ತುಮಾಡಿದ್ದು ಸಂಖ್ಯಾಶಾಸ್ತ್ರವಲ್ಲ, ಕಿಟಕಿಯ ಮುಂದಿನ ಸರದಿ.

ಇಷ್ಟೆಲ್ಲ ಕಷ್ಟದ ನಡುವೆ ಕಾರ್ಡಿನ ಕಟ್ಟಿಗೆ ಒಂದು ಗುಣವಿತ್ತು. ಲೆಕ್ಕ ಮುಗಿದ ಮೇಲೂ ಅದು ಉಳಿಯುತ್ತಿತ್ತು. ರಬ್ಬರು ಹಾಕಿ ಮೇಜಿನ ಖಾನೆಯಲ್ಲಿಟ್ಟ ಕಟ್ಟನ್ನು ವರ್ಷದ ನಂತರ ಮತ್ತೆ ಓಡಿಸಿದರೂ ಅದೇ ಉತ್ತರ ಬರಬೇಕು. ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ಕಟ್ಟನ್ನೇ ಮುಂದಿಡಬಹುದಿತ್ತು.

ಕೊಳವೆಗೆ ಕೊಳವೆ ಜೋಡಿಸಿ

ಬೆಲ್ ಪ್ರಯೋಗಾಲಯಕ್ಕೆ ಮರಳೋಣ. ಅಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕೆಲಸ ಆರಂಭಿಸಿದ್ದರು. ಅವರ ವಿಭಾಗದ ಮುಖ್ಯಸ್ಥ ಡಗ್ ಮ್ಯಾಕಿಲ್ರಾಯ್‌ಗೆ ಬಹಳ ಹಿಂದಿನಿಂದ ಒಂದು ಯೋಚನೆ ತಲೆ ತಿನ್ನುತ್ತಿತ್ತು. 1964ರಲ್ಲೇ ಆತ ಒಂದು ಟಿಪ್ಪಣಿ ಬರೆದಿದ್ದ. ತೋಟಕ್ಕೆ ನೀರು ಹಾಯಿಸುವಾಗ ಒಂದು ಕೊಳವೆ ಸಾಲದಿದ್ದರೆ ಇನ್ನೊಂದನ್ನು ತಿರುಪಿ ಜೋಡಿಸುವಂತೆ ಪ್ರೋಗ್ರಾಮುಗಳನ್ನೂ ಜೋಡಿಸಲು ಬರಬೇಕು ಎಂಬುದು ಅದರ ಸಾರ. 1973ರಲ್ಲಿ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಮಾಡಿ ಮುಗಿಸಿದ. ಒಂದು ಪ್ರೋಗ್ರಾಮಿನ ಉತ್ತರ ನೇರವಾಗಿ ಮತ್ತೊಂದರ ಒಳಕ್ಕೆ ಹರಿಯಿತು. ‘ಪೈಪ್’ ಎಂಬ ಹೆಸರು ನಿಂತಿತು. ಎರಡು ಆಜ್ಞೆಗಳ ನಡುವೆ ಒಂದು ನೆಟ್ಟನೆ ಗೆರೆ ಹಾಕಿದರೆ ಕೊಳವೆ ಕೂಡಿತು. ಬಾಣದ ತುದಿಯಂಥ ಗುರುತು ಹಾಕಿದರೆ ಉತ್ತರ ಪರದೆಗೆ ಬಾರದೆ ಫೈಲಿಗೆ ಹೋಗಿ ಬೀಳುತ್ತಿತ್ತು.

ಈ ವ್ಯವಸ್ಥೆಯಲ್ಲಿ ಸೊಗಸೇನೆಂದರೆ, ಉತ್ತರ ಎಲ್ಲಿಗೆ ಹೋಗುತ್ತಿದೆ ಎಂಬುದು ಪ್ರೋಗ್ರಾಮಿಗೆ ಗೊತ್ತಿರಬೇಕಾಗಿಲ್ಲ. ಪರದೆಯೋ, ಫೈಲೋ, ಅಚ್ಚಿನ ಯಂತ್ರವೋ, ಮತ್ತೊಂದು ಪ್ರೋಗ್ರಾಮೋ ಎಂಬುದನ್ನು ಓಡಿಸುವವನು ಆ ಕ್ಷಣದಲ್ಲಿ ತೀರ್ಮಾನಿಸುತ್ತಾನೆ. ಆದರೆ ಕೊಳವೆಯಲ್ಲಿ ನೀರಿನ ಜತೆ ಕಸವೂ ಹರಿದರೆ? ಅಂಕಿಗಳ ನಡುವೆ ‘ಫೈಲು ಸಿಗಲಿಲ್ಲ’ ಎಂಬ ವಾಕ್ಯ ನುಸುಳಿದರೆ ಮುಂದಿನ ಪ್ರೋಗ್ರಾಮು ಅದನ್ನೂ ಅಂಕಿಯೆಂದೇ ತಿಳಿದು ಎಡವುತ್ತದೆ. ದೂರಿಗೆ ಬೇರೆ ಬಾಗಿಲು ಬೇಕಾದದ್ದು ಅಚ್ಚಿನ ಕಾಗದ ಉಳಿಸುವುದಕ್ಕಷ್ಟೇ ಅಲ್ಲ ಎಂಬುದು ಹೀಗೆ ಸ್ಪಷ್ಟವಾಯಿತು.

ಒರತೆ ಮತ್ತು ಇಂಗುಗುಂಡಿ

ಅದೇ ಕಟ್ಟಡದಲ್ಲಿ ಸಂಖ್ಯಾಶಾಸ್ತ್ರಜ್ಞರ ಒಂದು ಗುಂಪಿತ್ತು. ‘ಬಿಟ್’ ಎಂಬ ಪದವನ್ನು ಟಂಕಿಸಿದ ಜಾನ್ ಟ್ಯೂಕಿ ಅಲ್ಲಿಯವರೇ. ಅಂಕಿಗಳಿಗೆ ಸೂತ್ರ ಹಚ್ಚುವ ಮೊದಲು ಅವನ್ನು ಚಿತ್ರ ಬರೆದು, ತಿರುಗಿಸಿ ಮುರುಗಿಸಿ ನೋಡಬೇಕು ಎಂಬುದು ಟ್ಯೂಕಿ ವಾದ. ಹೀಗೆ ನೋಡಬೇಕೆಂದರೆ ಮದುವೆ ಊಟದ ಮಾದರಿಯ ಪ್ಯಾಕೇಜು ಸಾಲದು. ಒಂದು ಪ್ರಶ್ನೆ, ಒಂದು ಉತ್ತರ, ಅದನ್ನು ನೋಡಿ ಇನ್ನೊಂದು ಪ್ರಶ್ನೆ ಎಂಬಂತಿರಬೇಕು. ಇವರ ಬಳಿ ಇದ್ದದ್ದು ಫೋರ್ಟ್ರಾನ್ ಭಾಷೆಯ ಉಪಪ್ರೋಗ್ರಾಮುಗಳ ದೊಡ್ಡ ಸಂಗ್ರಹ. ಪುಟ್ಟ ಲೆಕ್ಕಕ್ಕೂ ಒಂದು ಪೂರ್ಣ ಪ್ರೋಗ್ರಾಮು ಬರೆಯಬೇಕು.

1976ರ ಮೇ 5ರಂದು ಜಾನ್ ಚೇಂಬರ್ಸ್, ರಿಕ್ ಬೆಕರ್ ಮೊದಲಾದವರು ಸೇರಿ ಚರ್ಚೆಗೆ ಕೂತರು. ಅದರ ಫಲ ‘ಎಸ್’ ಎಂಬ ಭಾಷೆ. ಆ ಪ್ರಯೋಗಾಲಯದವರಿಗೆ ಒಂದಕ್ಷರದ ಹೆಸರುಗಳ ಮೇಲೆ ಮಮತೆ ಹೆಚ್ಚು. ‘ಸಿ’ ಭಾಷೆಯೂ ಅಲ್ಲಿಯದೇ. ಎಸ್ ಭಾಷೆಗಾಗಿ ಚೇಂಬರ್ಸ್‌ಗೆ 1998ರಲ್ಲಿ ಅಮೆರಿಕದ ಗಣಕತಜ್ಞರ ಸಂಘ ಎಸಿಎಂನ ಸಾಫ್ಟ್‌ವೇರ್ ಪ್ರಶಸ್ತಿ ಬಂತು.

ಎಸ್‌ನಲ್ಲಿ ಟರ್ಮಿನಲ್ ಮುಂದೆ ಕೂತು ಒಂದು ಸಾಲು ಟೈಪಿಸಿದರೆ ಒಡನೆಯೇ ಉತ್ತರ. ಕೇಳಿದ್ದಷ್ಟೇ. ಸಂಖ್ಯಾಶಾಸ್ತ್ರಜ್ಞನಿಗೆ ಇದೊಂದು ಬಿಡುಗಡೆ. ಆದರೆ ಕಿಟಕಿಯ ಸರದಿಯ ಜತೆಗೆ ಇನ್ನೂ ಒಂದು ವಸ್ತು ಕಳೆದುಹೋಯಿತು, ಅದೇ ಕಾರ್ಡಿನ ಕಟ್ಟು. ಮಧ್ಯಾಹ್ನವೆಲ್ಲ ಪರದೆಯೊಂದಿಗೆ ಮಾತಾಡಿ, ಸಂಜೆ ಒಂದು ಚೆಂದದ ಚಿತ್ರ ಬಂದರೆ, ಅದು ಹೇಗೆ ಬಂತೆಂದು ಮಾರನೆಯ ದಿನ ತನಗೇ ಹೇಳಲಾಗದ ಸ್ಥಿತಿ. ಮಾತು ಗಾಳಿಗೆ ಹೋಯಿತು!

ಇದು ಎಸ್ ಕಟ್ಟಿದವರಿಗೆ ತಿಳಿಯದ್ದೇನಲ್ಲ. ಅದಕ್ಕೇ ಭಾಷೆಯಲ್ಲಿ ಎರಡು ಆಜ್ಞೆಗಳನ್ನಿಟ್ಟರು. ಒಂದರ ಹೆಸರು ‘ಸೋರ್ಸ್’, ಇನ್ನೊಂದರದು ‘ಸಿಂಕ್’. ಕನ್ನಡದಲ್ಲಿ ಹೇಳುವುದಾದರೆ ಒರತೆ ಮತ್ತು ಇಂಗುಗುಂಡಿ. ಮೊದಲನೆಯದು ಆಜ್ಞೆಗಳನ್ನು ಕೀಲಿಮಣೆಯ ಬದಲು ಫೈಲಿನಿಂದ ತೆಗೆದುಕೊಳ್ಳುತ್ತದೆ. ಎರಡನೆಯದು ಉತ್ತರಗಳನ್ನು ಪರದೆಯ ಬದಲು ಫೈಲಿಗೆ ಇಳಿಸುತ್ತದೆ. ಇಂಗುಗುಂಡಿಯ ಬಾಯಿ ತೆರೆದು ಮುಚ್ಚಲು ಮರೆತವರ ಪಾಡು ಮಾತ್ರ ಹಾಸ್ಯಾಸ್ಪದ. ಎಷ್ಟು ಟೈಪಿಸಿದರೂ ಪರದೆ ಮೌನ. ಕಂಪ್ಯೂಟರು ಕೆಟ್ಟಿತೆಂದು ಗಾಬರಿ. ಉತ್ತರವೆಲ್ಲ ಸದ್ದಿಲ್ಲದೆ ಗುಂಡಿಗೆ ಇಳಿಯುತ್ತಿರುತ್ತದೆ. ಇಂದಿಗೂ ಹೊಸಬರು ಈ ಗುಂಡಿಗೆ ಬೀಳುತ್ತಲೇ ಇದ್ದಾರೆ.

ಆಕ್ಲೆಂಡಿನ ಇಬ್ಬರು

ಎಸ್ ಭಾಷೆಯ ವಾಣಿಜ್ಯ ರೂಪ ಎಸ್-ಪ್ಲಸ್ ಹಣ ಕೊಟ್ಟು ಕೊಳ್ಳುವಂಥದ್ದು. 1990ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್‌ಗೆ ತಮ್ಮ ಪ್ರಯೋಗಶಾಲೆಯ ಮ್ಯಾಕಿಂತೋಷ್ ಕಂಪ್ಯೂಟರುಗಳಲ್ಲಿ ಓಡುವ ಒಳ್ಳೆಯ ಸಂಖ್ಯಾಶಾಸ್ತ್ರದ ಸಾಧನ ಬೇಕಿತ್ತು. ಕೊಳ್ಳುವ ಬದಲು ಬರೆಯಲು ಕೂತರು. ಇಬ್ಬರ ಹೆಸರಿನ ಮೊದಲಕ್ಷರವೂ ಒಂದೇ ಆದ್ದರಿಂದ, ಇಂಗ್ಲಿಷ್ ವರ್ಣಮಾಲೆಯಲ್ಲಿ ಎಸ್‌ಗೆ ಹಿಂದಿನ ಅಕ್ಷರವೂ ಅದೇ ಆದ್ದರಿಂದ, ‘ಆರ್’ ಎಂದು ಹೆಸರಿಟ್ಟರು. 1993ರ ಆಗಸ್ಟ್‌ನಲ್ಲಿ ಹೊರಗಿನವರಿಗೆ ತೋರಿಸಿದರು. ಜೂರಿಚ್‌ನ ಮಾರ್ಟಿನ್ ಮೆಕ್ಲರ್ ಬೆನ್ನು ಹತ್ತಿ ಒಪ್ಪಿಸಿದ ಮೇಲೆ 1995ರ ಜೂನ್‌ನಲ್ಲಿ ಅದನ್ನು ಉಚಿತ ಸಾಫ್ಟ್‌ವೇರ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಮಾರಿಕೊಂಡಿದ್ದರೆ ಅವರಿಗೆ ನಾಲ್ಕು ಕಾಸು ಬರುತ್ತಿತ್ತೇನೋ. ಜಗತ್ತಿಗೆ ಆರ್ ಸಿಗುತ್ತಿರಲಿಲ್ಲ. ಆವೃತ್ತಿ 1.0.0 ಬಂದದ್ದು 2000ದ ಫೆಬ್ರುವರಿ 29ರಂದು.

ಆರ್ ತನ್ನ ಹಿರಿಯಣ್ಣ ಎಸ್‌ನಿಂದ ಬ್ಯಾಚ್ ಪದ್ಧತಿಯನ್ನೂ ಪಡೆಯಿತು. ಆಜ್ಞೆಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಕಮ್ಯಾಂಡ್ ಲೈನಿನಲ್ಲಿ, ಅಂದರೆ ಮೌಸ್ ಇಲ್ಲದೆ ಟೈಪಿಸಿಯೇ ಕೆಲಸ ಮಾಡಿಸುವ ಆ ಕಪ್ಪು ಪರದೆಯಲ್ಲಿ, ಒಂದು ಸಾಲು ಹೇಳಿದರೆ ಸಾಕು. ಎಲ್ಲವೂ ಮನುಷ್ಯನ ಕೈ ತಾಗದೆ ಓಡಿ, ‘ಆರ್‌ಔಟ್’ ಎಂಬ ಬಾಲವಿರುವ ಫೈಲು ಸಿದ್ಧ. ಅದರಲ್ಲಿ ಒಂದು ಆಜ್ಞೆ, ಅದರ ಕೆಳಗೆ ಅದರ ಉತ್ತರ, ಮತ್ತೊಂದು ಆಜ್ಞೆ, ಅದರ ಉತ್ತರ. ದೂರು ಬಂದರೆ ಅದೂ ಅಲ್ಲೇ. ಕೊನೆಗೆ ಎಷ್ಟು ಸಮಯ ಹಿಡಿಯಿತೆಂಬ ಲೆಕ್ಕ. ಹಳೆಯ ಕಾರ್ಡಿನ ಕಟ್ಟನ್ನೂ ಮಡಿಕೆ ಕಾಗದವನ್ನೂ ಸೇರಿಸಿ ಹೊಲಿದಂತೆ.

ಇದರಲ್ಲೊಂದು ತೊಡಕಿತ್ತು. ಆರ್ ಮುಚ್ಚುವಾಗ ಅಲ್ಲಿಯವರೆಗಿನ ಅಂಕಿ-ಅಂಶಗಳನ್ನೆಲ್ಲ ಒಂದು ಗಂಟು ಕಟ್ಟಿ ಉಳಿಸಬಲ್ಲದು. ಬ್ಯಾಚ್ ಪದ್ಧತಿಯಲ್ಲಿ, ಬೇಡವೆಂದು ಹೇಳದಿದ್ದರೆ, ಆರಂಭದಲ್ಲಿ ಹಳೆಯ ಗಂಟನ್ನು ಬಿಚ್ಚಿಕೊಳ್ಳುತ್ತದೆ, ಕೊನೆಯಲ್ಲಿ ಮತ್ತೆ ಕಟ್ಟಿಡುತ್ತದೆ. ಅಂದರೆ ಇವತ್ತಿನ ಲೆಕ್ಕದೊಳಗೆ ನಿನ್ನೆಯ ತಂಗಳು ಸೇರಿರಬಹುದು. ಸ್ಕ್ರಿಪ್ಟಿನಲ್ಲಿ ಎಲ್ಲಿಯೂ ಬರೆಯದ ಒಂದು ಅಂಕಿ ಸದ್ದಿಲ್ಲದೆ ಕೂತು, ಇವರ ಕಂಪ್ಯೂಟರಿನಲ್ಲಿ ಸರಿಯಾಗಿ ಓಡುವ ಲೆಕ್ಕ ಪಕ್ಕದವರ ಕಂಪ್ಯೂಟರಿನಲ್ಲಿ ಓಡದೇ ಹೋಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಓಡಿ ಬೇರೆ ಉತ್ತರ ಕೊಡಬಹುದು.

2006ರಲ್ಲಿ ಜೆಫ್ರಿ ಹಾರ್ನರ್ ಮತ್ತು ಡರ್ಕ್ ಎಡೆಲ್‌ಬ್ಯೂಟೆಲ್ ‘ಲಿಟ್ಲರ್’ ಎಂಬ ಪುಟ್ಟ ಸಾಧನ ಹೊರತಂದರು. ಮರುವರ್ಷ, 2007ರ ಏಪ್ರಿಲ್‌ನಲ್ಲಿ ಬಂದ ಆರ್ 2.5.0 ಆವೃತ್ತಿಯಲ್ಲೇ ‘ಆರ್‌ಸ್ಕ್ರಿಪ್ಟ್’ ಎಂಬ ಆಜ್ಞೆ ಸೇರಿತು. ಇದರ ಸ್ವಭಾವ ಬ್ಯಾಚ್‌ಗೆ ಉಲ್ಟಾ. ಹಳೆಯ ಗಂಟನ್ನು ಮುಟ್ಟುವುದಿಲ್ಲ. ಆಜ್ಞೆಗಳನ್ನು ಮತ್ತೆ ಒದರುವುದಿಲ್ಲ. ಉತ್ತರ ಮಾತ್ರ ಒಂದನೆಯ ಬಾಗಿಲಿನಿಂದ, ಎಚ್ಚರಿಕೆ-ತಕರಾರುಗಳು ಎರಡನೆಯದರಿಂದ. ಬೇಕಾದ ಕಡೆಗೆ ಎರಡನ್ನೂ ಬೇರೆ ಬೇರೆಯಾಗಿ ತಿರುಗಿಸಬಹುದು. ಯುನಿಕ್ಸ್‌ನ ಕೊಳವೆಗೆ ಸಂಖ್ಯಾಶಾಸ್ತ್ರ ಸರಿಯಾಗಿ ಕೂಡಿಕೊಂಡದ್ದು ಆಗಲೇ ಎನ್ನಬೇಕು. ಜಿಲ್ಲೆಯ ಹೆಸರನ್ನೋ ವರ್ಷವನ್ನೋ ಆಜ್ಞೆಯ ಕೊನೆಗೆ ಸೇರಿಸಿ ಕೊಟ್ಟರೆ ಸ್ಕ್ರಿಪ್ಟು ಅದನ್ನು ಓದಿಕೊಂಡು ಅಷ್ಟರ ಲೆಕ್ಕ ಮಾಡುತ್ತದೆ. ದಿನಾ ನಡುರಾತ್ರಿ ಎರಡಕ್ಕೆ ಓಡು ಎಂದು ಗಡಿಯಾರಕ್ಕೆ ಒಪ್ಪಿಸಿಬಿಡಬಹುದು.

ಮನುಷ್ಯ ಎದುರಿಗಿಲ್ಲ ಎಂದಾಗ ಆರ್ ನಡತೆಯೂ ಬದಲಾಗುತ್ತದೆ. ಎದುರಿಗೆ ಕೂತಿದ್ದರೆ ತಪ್ಪು ಸಂಭವಿಸಿದಾಗ ದೂರು ಹೇಳಿ ಮುಂದಿನ ಆಜ್ಞೆಗೆ ಕಾಯುತ್ತದೆ. ಇಲ್ಲದಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ, ‘ಆಗಲಿಲ್ಲ’ ಎಂಬುದಕ್ಕೆ ಒಂದು ಸಂಖ್ಯೆಯನ್ನು ಬಿಟ್ಟು ಹೊರಡುತ್ತದೆ. ಸೊನ್ನೆ ಎಂದರೆ ಸುಸೂತ್ರ, ಬೇರೇನಾದರೂ ಆದರೆ ಕೆಟ್ಟ ಸುದ್ದಿ. ಚಿತ್ರ ಬರೆಯಲು ಹೇಳಿ ಎಲ್ಲಿಗೆಂದು ಹೇಳದಿದ್ದರೆ ‘ಆರ್‌ಪ್ಲಾಟ್ಸ್’ ಎಂಬ ಹೆಸರಿನ ಪಿಡಿಎಫ್ ಫೈಲಿಗೆ ತಾನೇ ಬರೆದಿಡುತ್ತದೆ. ಎಷ್ಟೋ ಜನರ ಕಂಪ್ಯೂಟರಿನಲ್ಲಿ ಈ ಹೆಸರಿನ ಅನಾಥ ಫೈಲುಗಳು ಬಿದ್ದಿರುವುದಕ್ಕೆ ಇದೇ ಕಾರಣ. ಹಾಗೆಯೇ, ಎದುರಿಗೆ ಕೂತು ಒಂದು ಹೆಸರನ್ನು ಟೈಪಿಸಿದರೆ ಅದರ ಬೆಲೆಯನ್ನು ತಾನಾಗಿ ತೋರಿಸುವ ಆರ್, ಆವರ್ತನೆಯ ಒಳಗೋ ಫಂಕ್ಷನ್ನಿನ ಒಳಗೋ ಅದೇ ಸಾಲು ಬಂದರೆ ಬಾಯಿ ಬಿಡುವುದಿಲ್ಲ. ‘ಪ್ರಿಂಟ್’ ಎಂದು ಸ್ಪಷ್ಟವಾಗಿ ಹೇಳಬೇಕು. ಒಂದು ಕಾಲಕ್ಕೆ ಕೇಳದೆಯೇ ಹತ್ತು ಕೋಷ್ಟಕ ಸುರಿಯುತ್ತಿದ್ದ ಶಾಸ್ತ್ರ ಇಷ್ಟು ಮಿತಭಾಷಿಯಾಯಿತು!

ಅಂದಹಾಗೆ, ಆಜ್ಞೆಗಳನ್ನು ಒದರದೆ ಸುಮ್ಮನೆ ಕೆಲಸ ಮಾಡು ಎಂದು ಆರ್‌ಗೆ ಹೇಳುವ ಸೂಚನೆಗೆ ಬಹುಕಾಲ ‘ಸ್ಲೇವ್’, ಅಂದರೆ ಗುಲಾಮ ಎಂಬ ಹೆಸರಿತ್ತು. 2020ರ 4.0.0 ಆವೃತ್ತಿಯಲ್ಲಿ ಅದನ್ನು ‘ನೋ-ಎಕೋ’, ಪ್ರತಿಧ್ವನಿ ಬೇಡ, ಎಂದು ಬದಲಿಸಿದರು. ಹೊಸ ಹೆಸರು ಸಭ್ಯವೂ ಹೌದು, ಅರ್ಥಕ್ಕೆ ಹತ್ತಿರವೂ ಹೌದು.

ಒಂದು ಸಾಲು ಜಾರಿದಾಗ

2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರ ತಂಡವೊಂದು ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿತು. ರೋಗಿಯ ಗಡ್ಡೆಯ ವಂಶವಾಹಿಗಳ ಚಟುವಟಿಕೆಯನ್ನು ಅಳೆದು, ಯಾವ ಕ್ಯಾನ್ಸರ್ ಔಷಧ ಆ ವ್ಯಕ್ತಿಗೆ ಹಿಡಿಸುತ್ತದೆಂದು ಮೊದಲೇ ಹೇಳಬಹುದು ಎಂಬುದು ಅದರ ಸಾರ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದಕ್ಕಿಂತ ದೊಡ್ಡ ಆಸೆ ಇನ್ನೇನಿದೆ? ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರೂ ಇದನ್ನು ಬಳಸಲು ಬಯಸಿದರು. ವಿಧಾನವನ್ನು ಅರ್ಥ ಮಾಡಿಕೊಡಿ ಎಂದು ತಮ್ಮಲ್ಲಿನ ಸಂಖ್ಯಾಶಾಸ್ತ್ರಜ್ಞರಾದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್‌ರನ್ನು ಕೇಳಿದರು.

ಪ್ರಬಂಧದಲ್ಲಿ ಉತ್ತರಗಳಿದ್ದವು. ಅಂಕಿ-ಅಂಶಗಳೂ ಸಿಕ್ಕವು. ಇವೆರಡರ ನಡುವಿನ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುವ, ಓಡಿಸಿ ನೋಡಬಹುದಾದ ಬರಹ ಇರಲಿಲ್ಲ. ಇಬ್ಬರೂ ಪತ್ತೇದಾರರಂತೆ ಹಿಂದಿನಿಂದ ಮುಂದಕ್ಕೆ ಊಹಿಸುತ್ತಾ ಹೋಗಬೇಕಾಯಿತು. ಕಂಡದ್ದು ಏನು? ವಂಶವಾಹಿಗಳ ಪಟ್ಟಿಯಲ್ಲಿ ಹೆಸರುಗಳು ಒಂದು ಸಾಲು ಕೆಳಗೆ ಜಾರಿದ್ದವು. ಒಂದರ ಅಳತೆ ಪಕ್ಕದ್ದರ ಹೆಸರಿಗೆ. ಕೆಲವು ಔಷಧಗಳ ವಿಷಯದಲ್ಲಿ ‘ಹಿಡಿಸುತ್ತದೆ’, ‘ಹಿಡಿಸುವುದಿಲ್ಲ’ ಎಂಬ ಚೀಟಿಗಳೇ ಅದಲುಬದಲು. ಅಂದರೆ ಫಲ ಕೊಡದ ಔಷಧವನ್ನೇ ರೋಗಿಗೆ ಸೂಚಿಸುವ ಸಾಧ್ಯತೆ!

2007ರಲ್ಲೇ ಅವರು ಪತ್ರಿಕೆಗೆ ಬರೆದರು. ಅಷ್ಟರಲ್ಲಿ ಡ್ಯೂಕ್‌ನಲ್ಲಿ ಈ ವಿಧಾನವನ್ನು ಆಧರಿಸಿ ರೋಗಿಗಳ ಮೇಲಿನ ಪರೀಕ್ಷೆಗಳು ಆರಂಭವಾಗಿದ್ದವು. ನೂರಕ್ಕೂ ಹೆಚ್ಚು ರೋಗಿಗಳು ಸೇರಿದ್ದರು. 2009ರಲ್ಲಿ ಇಬ್ಬರೂ ಇನ್ನಷ್ಟು ವಿವರವಾದ ಪ್ರಬಂಧವನ್ನು ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಪರೀಕ್ಷೆಗಳು ಆಗ ಒಮ್ಮೆ ನಿಂತವು, 2010ರ ಆರಂಭದಲ್ಲಿ ಮತ್ತೆ ಶುರುವಾದವು, ಅದೇ ವರ್ಷ ಶಾಶ್ವತವಾಗಿ ಮುಚ್ಚಿದವು. ಪ್ರಬಂಧಗಳನ್ನು ಒಂದೊಂದಾಗಿ ಹಿಂತೆಗೆದುಕೊಳ್ಳಲಾಯಿತು. 2015ರಲ್ಲಿ ಅಮೆರಿಕದ ಸರ್ಕಾರಿ ಕಚೇರಿ ತನಿಖೆ ಮುಗಿಸಿ, ಇದು ಬರೀ ಕೈತಪ್ಪಲ್ಲ, ಸುಳ್ಳು ಅಂಕಿ-ಅಂಶಗಳೂ ಸೇರಿವೆ ಎಂದು ತೀರ್ಮಾನಿಸಿತು.

ಸ್ಕ್ರಿಪ್ಟ್ ಬರೆದಿದ್ದರೆ ಮೋಸ ನಡೆಯುತ್ತಿರಲಿಲ್ಲ ಎಂದು ವಾದಿಸುವುದು ಮೂರ್ಖತನ. ಸ್ಕ್ರಿಪ್ಟಿಗೂ ಸುಳ್ಳು ಅಂಕಿ ಕೊಡಬಹುದು. ಆದರೆ ಇಬ್ಬರು ನುರಿತ ತಜ್ಞರು ತಿಂಗಳುಗಟ್ಟಲೆ ಊಹೆಯಲ್ಲಿ ಕಳೆಯಬೇಕಾಗುತ್ತಿರಲಿಲ್ಲ. ಆ ಕಾಲವನ್ನು ರೋಗಿಗಳು ಕೊಟ್ಟರು. ಬ್ಯಾಗರ್ಲಿ ಮತ್ತು ಕೂಂಬ್ಸ್ ತಮ್ಮ ತನಿಖೆಯನ್ನು ಮಾತ್ರ ಆರ್ ಆಜ್ಞೆಗಳೂ ವಿವರಣೆಯೂ ಒಂದೇ ಫೈಲಿನಲ್ಲಿ ಹೆಣೆದಿರುವ ‘ಸ್ವೀವ್’ ಪದ್ಧತಿಯಲ್ಲಿ ಬರೆದಿಟ್ಟರು. ವಿಯೆನ್ನಾದ ಫ್ರೆಡ್ರಿಕ್ ಲೈಶ್ 2002ರಲ್ಲಿ ತಂದ ಪದ್ಧತಿ ಅದು. ವರದಿಯಲ್ಲಿ ಅಂಕಿಯನ್ನು ಕೈಯಿಂದ ಬರೆಯುವಂತಿಲ್ಲ. ಆಜ್ಞೆ ಓಡಿ ಬಂದ ಉತ್ತರವೇ ಅದರ ಜಾಗದಲ್ಲಿ ಕೂರುತ್ತದೆ. ಅವರನ್ನು ಅನುಮಾನಿಸುವವರು ಅದೇ ಫೈಲನ್ನು ಓಡಿಸಿ ನೋಡಬಹುದಿತ್ತು.

ಇದಕ್ಕೂ ಮೊದಲೇ ಸ್ಟ್ಯಾನ್‌ಫರ್ಡಿನ ಭೂಭೌತ ವಿಜ್ಞಾನಿ ಜಾನ್ ಕ್ಲೇರ್‌ಬೌಟ್ ಇದೇ ದಾರಿ ಹಿಡಿದಿದ್ದರು. ತಮ್ಮ ವಿದ್ಯಾರ್ಥಿಗಳು ತಾವೇ ಬರೆದ ಪ್ರಬಂಧದ ಚಿತ್ರವನ್ನು ಕೆಲವು ತಿಂಗಳ ನಂತರ ಮತ್ತೆ ಬರೆಯಲಾರದೆ ತಿಣುಕುವುದನ್ನು ಅವರು ಕಂಡಿದ್ದರು. 1990ರ ದಶಕದ ಆರಂಭದಲ್ಲಿ ಅವರ ಗುಂಪಿನಲ್ಲಿ ಒಂದು ನಿಯಮ ಬಂತು. ಚಿತ್ರಗಳನ್ನೆಲ್ಲ ಅಳಿಸಲು ಒಂದು ಆಜ್ಞೆ, ಮತ್ತೆ ಕಟ್ಟಲು ಒಂದು ಆಜ್ಞೆ. ಅಳಿಸಲು ಧೈರ್ಯವಿದೆ ಎಂದರೆ ಆ ಚಿತ್ರ ನಿಜವಾಗಿ ಕೈಯಲ್ಲಿದೆ ಎಂದರ್ಥ. ಎರಡಕ್ಕೂ ಅವರು ಬಳಸಿದ್ದು ಬೆಲ್ ಪ್ರಯೋಗಾಲಯದಲ್ಲಿ 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ‘ಮೇಕ್’ ಎಂಬ ಸಾಧನವನ್ನು.

ಮೌಸ್ ಹಿಡಿದು ಕೋಷ್ಟಕ ಎಳೆಯುವ ಸ್ಪ್ರೆಡ್‌ಶೀಟಿನಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ಉತ್ತರ ಉಳಿಯುತ್ತದೆ, ಅದಕ್ಕೆ ನಡೆದ ಹೆಜ್ಜೆಗಳು ಉಳಿಯುವುದು ಕಡಿಮೆ. ಸಾಲ ಹೆಚ್ಚಾದ ದೇಶಗಳ ಬೆಳವಣಿಗೆ ಕುಂಠಿತವಾಗುತ್ತದೆಂದು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಹಾರ್ವರ್ಡಿನ ಕೆನೆತ್ ರೋಗಾಫ್ 2010ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಹಲವು ದೇಶಗಳ ರಾಜಕಾರಣಿಗಳು ಉಲ್ಲೇಖಿಸಿದರು. 2013ರಲ್ಲಿ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಲೇಖಕರಿಂದಲೇ ಸ್ಪ್ರೆಡ್‌ಶೀಟ್ ಪಡೆದು ನೋಡಿದ. 30ರಿಂದ 49ನೆಯ ಸಾಲಿನವರೆಗೆ ತೆಗೆಯಬೇಕಾದ ಸರಾಸರಿಯನ್ನು 44ನೆಯ ಸಾಲಿಗೇ ನಿಲ್ಲಿಸಲಾಗಿತ್ತು. ಐದು ದೇಶಗಳು ಲೆಕ್ಕದ ಹೊರಗೆ! ಈ ಒಂದು ತಪ್ಪಿನಿಂದ ಆದ ವ್ಯತ್ಯಾಸ ಸಣ್ಣದೇ, ದೇಶಗಳಿಗೆ ಕೊಟ್ಟ ತೂಕದ ಬಗೆಗಿನ ಜಗಳ ಅದಕ್ಕಿಂತ ದೊಡ್ಡದು. ಆದರೆ ಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿಯಿತಲ್ಲ, ಯೋಚಿಸಬೇಕಾದದ್ದು ಅದು. ಸ್ಪ್ರೆಡ್‌ಶೀಟು ‘ಮಾರ್ಚ್1’ ಎಂಬ ವಂಶವಾಹಿಯ ಹೆಸರನ್ನು ಮಾರ್ಚ್ ಒಂದನೆಯ ತಾರೀಖೆಂದು ತಿಳಿದು ತಿದ್ದಿಬಿಡುವ ಕಾಟ ತಾಳಲಾರದೆ 2020ರಲ್ಲಿ ವಿಜ್ಞಾನಿಗಳು ವಂಶವಾಹಿಗಳ ಹೆಸರನ್ನೇ ಬದಲಿಸಿದ್ದು ಇನ್ನೊಂದು ತಮಾಷೆ.

ಆರ್ ಭಾಷೆಗೆ ಜಗತ್ತಿನ ಉದ್ದಗಲದ ಜನ ಬರೆದುಕೊಟ್ಟ ಪ್ಯಾಕೇಜುಗಳ ಭಂಡಾರ ‘ಕ್ರ್ಯಾನ್’ 1997ರಲ್ಲಿ ವಿಯೆನ್ನಾದಲ್ಲಿ ಆರಂಭವಾಯಿತು. ಈಗ ಅದರಲ್ಲಿ 20 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಇವನ್ನು ಒಪ್ಪಿಕೊಳ್ಳುವ ಮೊದಲೂ, ಒಪ್ಪಿಕೊಂಡ ಮೇಲೆ ಮತ್ತೆ ಮತ್ತೆಯೂ, ಕಮ್ಯಾಂಡ್ ಲೈನಿನ ಆಜ್ಞೆಯೊಂದು ಮನುಷ್ಯರ ಕೈ ತಾಗದೆ ಓಡಿಸಿ ಪರೀಕ್ಷಿಸುತ್ತದೆ. ಪ್ಯಾಕೇಜು ಬರೆದವರು ತಮ್ಮ ಪರೀಕ್ಷೆಯ ಸ್ಕ್ರಿಪ್ಟಿನ ಜತೆ ಅದರಿಂದ ಬರಬೇಕಾದ ಉತ್ತರದ ಫೈಲನ್ನೂ ಇಟ್ಟಿದ್ದರೆ, ಹೊಸದಾಗಿ ಓಡಿ ಬಂದ ಉತ್ತರವನ್ನು ಅದರೊಂದಿಗೆ ಸಾಲಿಗೆ ಸಾಲು ಹಿಡಿದು ನೋಡಲಾಗುತ್ತದೆ. ಎಲ್ಲಿಯಾದರೂ ಬೇರೆ ಕಂಡರೆ ಆ ಸಾಲನ್ನು ಎತ್ತಿ ತೋರಿಸುತ್ತದೆ. ಪರೀಕ್ಷೆಯಲ್ಲಿ ತಪ್ಪು ಹೊರಬಿದ್ದರೆ ಬರೆದವರಿಗೆ ಪತ್ರ ಹೋಗುತ್ತದೆ, ಸರಿಪಡಿಸಲು ಒಂದು ಗಡುವಿನೊಂದಿಗೆ. ಗಡುವು ಮೀರಿದರೆ ಪ್ಯಾಕೇಜನ್ನು ಭಂಡಾರದ ಮುಂಗಟ್ಟಿನಿಂದ ತೆಗೆದು ಹಳೆಯ ಕಡತಗಳ ಕೋಣೆಗೆ ಸೇರಿಸುತ್ತಾರೆ.